ಸಪಾಟು

ವಾರದ ರಜಾ ಮಂಗಳವಾರ.
ಹಳೇಹುಬ್ಬಳ್ಳಿಯ ಹಿತ್ತಲಕೋಣಿಯೊಳಗ
ಮೂರು ಡಬ್ಬಿಯಾಗ ಬಂದ ಮಷೀನು ಜೋಡಿಸಿ ನಿಲ್ಲಿಸೇನಿ.
ಎರಡು ನಟ್ಟು ಉಳದಾವು. ಎಲ್ಲಿವೋ!
ಕಂಡಕ್ಟರ್ ಚೀಲದಾಗ ಒಗದೆ, ಚಿಲ್ಲರಿ ಜೋಡಿ.

ದುರ್ಗದಬೈಲಿನ ಹಿಂದ ಪ್ಲೈವುಡ್ ಅಂಗಡಿಯಾಗ
ಹದಿನೆಂಟು ಎಂಎಂ ಎಂಡಿಎಫ್ ಕೇಳಿದ್ದೆ.
‘ಕಪಾಟೇನ್ರಿ ಅಕ್ಕಾರ?’
‘ಅಲ್ರಿ, ಕೆಡಸಾಕ.’
ಅಂವ ಅಳತಿಪಟ್ಟಿ ಹಿಡಕೊಂಡು ನಿಂತೇಬಿಟ್ಟ.
ಖರೇನ ಹೇಳಿದ್ದೆ. ಮಷೀನಿನ ಹಾಸಿಗಿ ಇದು.
ಕೊರಿಯೂ ಬಿಟ್ಟು ಕೆಲಸ ದಾಟಿ ಕೆಳಗಿಳದರ
ಕಬ್ಬಿಣದಕಿಂತ ಮೊದಲು ಗಾಯ ತಿನ್ನೂ ಹಲಗಿ.

ಸ್ಕ್ರೂವಿನ ತಲಿ ಹುಗಿಯಾಕ ತಗ್ಗು ತೋಡಬೇಕು
ಅನ್ನೂದು ಮೂರನೇ ಸ್ಕ್ರೂವಿಗೆ ನೆನಪಾತು.
ಮೊದಲಿನೆರಡೂ ಬಿಚ್ಚಿದೆ.

ಆಮ್ಯಾಲೆ ಪೆನ್ಸಿಲ್ಲು. ಹಲಗಿ ತುಂಬ ಅಡ್ಡ, ಉದ್ದ,
ಲೆಕ್ಕ ತಪ್ಪಿದ ವೇಬಿಲ್ಲನ್ನ ಹೊಡದು ಹಾಕಿಧಂಗ.
ಗೀಟು ಮೊದಲು ಅಳಿದಲ್ಲಿ ಉಬ್ಬು,
ಕಡೀತನಕ ಉಳಿದಲ್ಲಿ ತಗ್ಗು.
ಇಷ್ಟ ಶಾಸ್ತ್ರ.

ಬಿಟ್ಟಿನ ಕೆಳಗ ಕಾಗದ ಇಟ್ಟು
ಕೂದಲೆಳಿಯಷ್ಟ ಕೂದಲೆಳಿಯಷ್ಟ ಇಳಿಸಬೇಕಂತ,
ಕಾಗದ ಜಗ್ಗಿದರ ಬರದಿದ್ದಾಗ ಅದೇ ಸೊನ್ನೆ.
ನನ್ನ ಹಂತ್ಯಾಕ ಕಾಗದಕ್ಕೇನು ಬರ?
ಗದಗದಿಂದ ಹುಬ್ಬಳ್ಳಿಗೆ, ಹೆಣ್ಮಕ್ಕಳ ಪುಕ್ಕಟ ಟಿಕೆಟ್ಟು,
ಯಾರೋ ಸೀಟಿನ ಸಂದಿಯಾಗ ಸುರುಳಿ ಮಾಡಿ ಬಿಟ್ಟದ್ದು.
ದರದ ಮುಂದ ಸೊನ್ನೆ ಅಚ್ಚಾಗೇತಿ,
ಸೊನ್ನೆ ಹುಡಕಾಕ ಹೊಂಟೇತಿ.

ಹಿಡೀತು ಅಂದುಕೊಂಡೆ. ಹಿಡದಿದ್ದಿಲ್ಲ.
ಹದಿನಾಲ್ಕು ನಿಮಿಷ ಬರೇ ಗಾಳಿ ಕೊರೀತು,
ಒಂದು ಗೀಟಿಗೂ ನೋವಾಗಲಿಲ್ಲ.
ಮತ್ತ ಇಳಿಸಿದೆ. ಈ ಸಲ ಪಾಯಿಂಟು ಮರತು
ಪಾಯಿಂಟ್ ಮೂರರ ಜಾಗಾದಾಗ ಮೂರು ಒತ್ತಿದೆ.
ಹಲಗಿ ಒದರಿದ್ದು ಓಣಿಗೆಲ್ಲಾ ಕೇಳಿಸಿರಬೇಕು.
ಕೆಂಪು ಗುಂಡಿ ಗುದ್ದಿದೆ. ಮ್ಯಾಲಿಂದ ಜೈಬುನ್ನಬಿ,
‘ಯಾರು ಸತ್ತರ ಬೇ ಅಲ್ಲಿ?’

ಎಡಗಡೆ ಮೂಲಿಯಾಗ ಬೊಗಸಿಯಷ್ಟು ಹರಕ.
ಇರಲಿ. ಕೆಡಸಾಕ ತಂದದ್ದಲ್ಲ,
ಉದ್ಘಾಟನಾ ಆತು.

ಮೂರನೇ ಸಲ ಟಿಕೆಟ್ಟು ಖರೇ ಹಿಡೀತು.
ಮಷೀನು ಹೋತು, ಬಂತು, ಹೋತು, ಬಂತು,
ಗೋಧಿಹಿಟ್ಟಿನ ಬಣ್ಣದ ಧೂಳು, ಅಂಟಿನ ವಾಸನಿ,
ಮಾಸ್ಕಿನೊಳಗ ನನ್ನ ಉಸಿರು ನನಗ ಬಿಸಿ.
ಗೀಟು ಅಳಕೋತ ಅಳಕೋತ ಕಿಟಕಿ ಕಡೆ ಉಳದವು,
ಮಳಿ ನಿಂತ ಮ್ಯಾಲೆ ರಸ್ತಾದ ತಗ್ಗಿನಾಗ ನೀರು ಉಳಿಧಂಗ.
ಇನ್ನೊಂದು ಸುತ್ತು. ಅವೂ ಹೋದವು.

ಅಂಗೈ ಸವರಿದೆ.
ಕಣ್ಣಿಗೆ ಸಪಾಟು, ಕೈಗೆ ಪಾವಟಿಗಿ.
ಗೆರಿ ಗೆರಿಗೂ ಒಂದೊಂದು ಮೆಟ್ಟಲಾ.
ಸ್ಪಿಂಡಲ್ ಒಂದು ಕಡೆ ವಾಲೇತಿ,
ಹೆಗಲಿಗೆ ಚೀಲಾ ಬಿದ್ದು ಬಿದ್ದು ನಾ ವಾಲಿಧಂಗ.
ಟಿಕೆಟ್ಟನ್ನ ನಾಲ್ಕು ಮಡಚಿ
ಅದರ ಬೆನ್ನಿನ ಬೋಲ್ಟಿನ ಸಂದಿಗೆ ತುರುಕಿ ಬಿಗಿದೆ.
ಮತ್ತೊಮ್ಮೆ ಓಡಿಸಿದೆ.
ಈಗ ಉಗುರಿಗೆ ಮಾತ್ರ ಗೊತ್ತಾಗತೈತಿ, ಕೈಗಲ್ಲ.

ಜೈಬುನ್ನಬಿ ಇಳದು ಬಂದಳು,
ಗಂಡನ ಟೈಲ್ಸ್ ಕೆಲಸದ ಲೆವೆಲ್ ಪಟ್ಟಿ ಸೆರಗಿನಾಗ.
ಇಟ್ಟು ನೋಡಿದರ ಗುಳ್ಳಿ ಬಚ್ಚಲದ ಕಡೆ ಓಡಿ ಕುಂತಿತು.
‘ಇಡೀ ದಿನ ಕೆತ್ತಿ ಸೊಟ್ಟ ಮಾಡೀಯಲ್ಲ ತಂಗಿ!’

ಏನು ಹೇಳಲಿ.
ಹತ್ತೊಂಬತ್ತು ವರ್ಷ ಕಂಬಿ ಹಿಡೀದ ನಿಂತೇನಿ,
ಅಣ್ಣಿಗೇರಿ ಹತ್ತಿರ ಗಾಡಿ ಹೊರಳಿದಾಗ
ನಾನೂ ಅದರ ಜೋಡಿ ಹೊರಳತೇನಿ,
ನೋಟು ಬೆರಳ ಸಂದಿಯೊಳಗ, ಪಿನ್ನು ತುಟಿಯಾಗ.
ಕಿಟಕಿ ಹೊರಗ ನಿಂತ ಬೇವಿನ ಗಿಡಕ್ಕ ಹೋಲಿಸಿದರ
ಅವಾಗ ನಾ ಪೂರಾ ಸೊಟ್ಟ.
ಒಂದು ಟಿಕೆಟ್ಟೂ ತಪ್ಪಿಲ್ಲ.

‘ನೆಲಾ ಇಳಿಜಾರೈತಿ ಅಕ್ಕಾ,’ ಅಂದೆ ಅಷ್ಟ.
ಆಕಿ ಹಲಗಿ ಮ್ಯಾಲೆ ಒಮ್ಮೆ ಕೈ ಆಡಿಸಿದಳು,
ಇನ್ನೊಮ್ಮೆ ಆಡಿಸಿದಳು,
ಪಟ್ಟಿ ಅಲ್ಲೇ ಬಿಟ್ಟು ಚಹಾ ಇಡಾಕ ಹೋದಳು.

ನಾಳೆ ಐದೂ ನಲವತ್ತರ ಮೊದಲ ಗಾಡಿ.
ಉಗುರಿನಾಗ ಧೂಳು ಹಂಗ ಐತಿ.
ಚೀಲಾ ತಗದು ಚಿಲ್ಲರಿ ಎಣಿಸೇನಿ, ಎರಡು ಸಲ.
ಆ ನಟ್ಟುಗಳನ್ನ ಕತ್ತಲದಾಗ
ಯಾರಿಗಾದರೂ ಎರಡು ರೂಪಾಯಿ ಅಂತ ಕೊಟ್ಟೇನು.